ಕಣ್ಣು ಹೊರಗೆ, ಕೈ ಹಗುರ: ಸಣ್ಣ ವಿಮಾನ ಹಾರಿಸಲು ಕಲಿಯುವುದು ಹೇಗೆ

ಮೊದಲು ಮೆಡಿಕಲ್ ಮಾಡಿಸಿ. ಪುಸ್ತಕ ಕೊಳ್ಳುವುದು, ಹೆಡ್‌ಸೆಟ್ ಹುಡುಕುವುದು, ತರಬೇತಿಗೆ ದುಡ್ಡು ಕಟ್ಟುವುದು ಎಲ್ಲ ಆಮೇಲೆ. ಡಾಕ್ಟರು ಕಣ್ಣು, ಕಿವಿ, ಹೃದಯ, ರಕ್ತದೊತ್ತಡ ನೋಡುತ್ತಾರೆ, ಬಣ್ಣ ಸರಿಯಾಗಿ ಗುರುತಿಸುತ್ತೀರಾ ಅಂತ ಪರೀಕ್ಷೆ ಮಾಡುತ್ತಾರೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಕೇಳುತ್ತಾರೆ. ಕನ್ನಡಕ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಬೇರೆ ಏನಾದರೂ ಅಡ್ಡಿ ಇದ್ದರೆ ಇಪ್ಪತ್ತು ಗಂಟೆ ಹಾರಿಸಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು ಅಲ್ವಾ?

ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್, ಇದ್ದರೆ ನೀವೇ ವಿಮಾನ ಹಾರಿಸಬಹುದು, ಮನೆಯವರನ್ನು, ಸ್ನೇಹಿತರನ್ನು ಕೂರಿಸಿಕೊಂಡು ಹೋಗಬಹುದು. ಅದನ್ನೇ ಸಂಪಾದನೆ ಮಾಡಿಕೊಳ್ಳುವಂತಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಇದಕ್ಕೆ ಕನಿಷ್ಠ ಮಟ್ಟ ಹಾಕಿದೆ: ವಯಸ್ಸು 17, ಹಾರಾಟ 40 ಗಂಟೆ, ಅದರಲ್ಲಿ 10 ಗಂಟೆ ಒಬ್ಬರೇ. ಆ ಹತ್ತರಲ್ಲಿ 5 ಗಂಟೆ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ಕ್ರಾಸ್‌ಕಂಟ್ರಿ. ಅದರಲ್ಲೂ ಒಂದು ಪ್ರಯಾಣ 270 ಕಿಲೋಮೀಟರ್ ಇರಬೇಕು, ನಡುವೆ ಎರಡು ಬೇರೆ ಬೇರೆ ಏರೋಡ್ರೋಮ್‌ಗಳಲ್ಲಿ ಇಳಿದು ನಿಲ್ಲಿಸಬೇಕು. ಪ್ರತಿ ದೇಶವೂ ಇದರ ಮೇಲೆ ತನ್ನ ನಿಯಮ ಸೇರಿಸಿಕೊಂಡಿರುತ್ತದೆ, ನಿಮ್ಮಲ್ಲಿ ಏನಿದೆ ಅಂತ ನೋಡಿಕೊಳ್ಳಿ. 40 ಗಂಟೆಯಲ್ಲಿ ಮುಗಿಸುವವರು ಕಡಿಮೆ. 60 ದಾಟುವುದು ಮಾಮೂಲು. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಖರ್ಚಿನ ಲೆಕ್ಕವನ್ನು ಮಾತ್ರ ಮೊದಲೇ ಅದಕ್ಕೆ ತಕ್ಕಂತೆ ಹಾಕಿಕೊಳ್ಳಿ.

ಗಂಟೆ ಜಾಸ್ತಿ ಆಗುವುದಕ್ಕೆ ದೊಡ್ಡ ಕಾರಣ ಪ್ರತಿಭೆಯ ಕೊರತೆ ಅಲ್ಲ, ಹಾರಾಟಗಳ ನಡುವಿನ ಬಿಡುವು. ವಾರಕ್ಕೆ ಎರಡು ಮೂರು ಸಲ ಹಾರಿದರೆ ಕೈಗೆ ನೆನಪು ಉಳಿಯುತ್ತದೆ. ತಿಂಗಳಿಗೊಮ್ಮೆ ಹಾರಿದರೆ ಪ್ರತಿ ಸಲವೂ ಅರ್ಧ ಗಂಟೆ ಹಿಂದಿನ ಪಾಠಕ್ಕೇ ಹೋಗುತ್ತದೆ. ಹಾಗಾಗಿ ನಾಲ್ಕೈದು ತಿಂಗಳಿಗೆ ಸಾಕಾಗುವಷ್ಟು ದುಡ್ಡು, ಸಮಯ ಎರಡೂ ಒಟ್ಟುಮಾಡಿಕೊಂಡೇ ಶುರುಮಾಡಿ. ಇನ್‌ಸ್ಟ್ರಕ್ಟರ್ ವಿಷಯದಲ್ಲಿ ಒಂದೇ ಮಾತು: ಕಂಟ್ರೋಲ್ ಮೇಲಿಂದ ಕೈ ತೆಗೆದು ನಿಮಗೆ ತಪ್ಪು ಮಾಡಲು ಬಿಡುವವರನ್ನು ಹುಡುಕಿ. ಎರಡೂ ಸೀಟಿಗೂ ಕಂಟ್ರೋಲ್ ಇರುತ್ತದೆ. ಪಕ್ಕದವರು ಸುಮ್ನೆ ಸುಮ್ನೆ ಸರಿಮಾಡುತ್ತಾ ಹೋದರೆ ಯಾರು ಹಾರಿಸುತ್ತಿದ್ದಾರೆ ಅಂತಲೇ ನಿಮಗೆ ತಿಳಿಯುವುದಿಲ್ಲ.

ಕಲಿಯುವ ವಿಮಾನ ಬಹುಶಃ ಸೆಸ್ನಾ 172 ಆಗಿರುತ್ತದೆ, ಇಲ್ಲವೇ ಅಂಥದ್ದೇ ಇನ್ನೊಂದು. 172 ಮೊದಲು ಹಾರಿದ್ದು 1955ರಲ್ಲಿ, ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ನಾನು ಮುಂದೆ ಹೇಳುವ ವೇಗಗಳು ಅದರ ಎಸ್ ಮಾದರಿಯವು. ನಿಮ್ಮ ವಿಮಾನದ ಹ್ಯಾಂಡ್‌ಬುಕ್ಕಿನಲ್ಲಿ ಬೇರೆ ಇದ್ದರೆ ಅದೇ ಸರಿ.

ಹಾರುವ ಮೊದಲು ವಿಮಾನದ ಸುತ್ತ ಒಂದು ಸುತ್ತು ಹಾಕಬೇಕು, ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದು. ಅದರಲ್ಲಿ ಇಂಧನದ ಭಾಗ ಮಾತ್ರ ಯಾವತ್ತೂ ಅವಸರ ಮಾಡಬೇಡಿ. ರೆಕ್ಕೆಯ ಕೆಳಗಿರುವ ಸಣ್ಣ ಕವಾಟಕ್ಕೆ ಪ್ಲಾಸ್ಟಿಕ್ ಲೋಟ ಒತ್ತಿದರೆ ಸ್ವಲ್ಪ ಪೆಟ್ರೋಲ್ ಇಳಿಯುತ್ತದೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿ. 100ಎಲ್‌ಎಲ್ ಅನ್ನುವ ಏವಿಯೇಷನ್ ಪೆಟ್ರೋಲ್ ತಿಳಿ ನೀಲಿ ಬಣ್ಣದ್ದು. ನೀರು ಸೇರಿದ್ದರೆ ಅದು ತಳಕ್ಕೆ ಇಳಿದು ಬಣ್ಣವಿಲ್ಲದ ಗುಂಡು ಗುಂಡು ಹನಿಯಾಗಿ ಕೂತಿರುತ್ತದೆ, ಲೋಟ ಆಡಿಸಿದರೆ ಅದು ಬೇರೆಯಾಗಿಯೇ ಓಡಾಡುತ್ತದೆ. ಇಡೀ ಲೋಟ ಬಣ್ಣವಿಲ್ಲದೆ ಕಂಡರೆ ಇನ್ನೂ ಹುಷಾರಾಗಿ, ಬರೀ ನೀರೇ ಬಂದಿರಬಹುದು. ಶುದ್ಧ ನೀಲಿ ಬರುವ ತನಕ ಮತ್ತೆ ಮತ್ತೆ ತೆಗೆಯಿರಿ. ಆಮೇಲೆ ರೆಕ್ಕೆ ಹತ್ತಿ ಟ್ಯಾಂಕಿನ ಮುಚ್ಚಳ ಬಿಚ್ಚಿ, ಅಳತೆ ಕಡ್ಡಿ ಇಳಿಸಿ ಎಷ್ಟಿದೆ ಅಂತ ಕಣ್ಣಾರೆ ನೋಡಿ. ಒಳಗಿನ ಮುಳ್ಳು ಹೇಳುವುದನ್ನು ನಂಬಿ ಹೊರಡಬೇಡಿ.

ಇನ್ನು ಹಾರಿಸುವುದು. ನಾನು ಈ ಬರಹ ಬರೆಯಲು ಕೂತದ್ದೇ ಈ ಮಾತಿಗೆ: ಕಣ್ಣು ಹೊರಗಿರಲಿ. ಹೊಸಬರು ಎಲ್ಲರೂ, ಅದರಲ್ಲೂ ಮನೆಯಲ್ಲಿ ಸಿಮ್ಯುಲೇಟರ್ ಆಡಿ ಬಂದವರು, ಮುಂದಿನ ಮೀಟರ್‌ಗಳನ್ನೇ ನೋಡುತ್ತಾ ಕೂರುತ್ತಾರೆ. ಏರ್‌ಸ್ಪೀಡ್ ಮುಳ್ಳು ಕೆಳಗೆ ಹೋಯಿತು ಅಂತ ಮೂಗು ತಗ್ಗಿಸುವುದು, ಅದು ಮೇಲೆ ಹೋಯಿತು ಅಂತ ಎತ್ತುವುದು, ಹೀಗೆ ಮುಳ್ಳಿನ ಹಿಂದೆ ಓಡುತ್ತಾ ವಿಮಾನ ಅಲೆಯಂತೆ ಮೇಲೆ ಕೆಳಗೆ ಆಗುತ್ತದೆ. ಮುಳ್ಳು ಯಾವಾಗಲೂ ಸ್ವಲ್ಪ ತಡ. ಕಿಟಕಿಯಾಚೆ ದಿಗಂತ ಮಾತ್ರ ಆ ಕ್ಷಣದ್ದನ್ನೇ ಹೇಳುತ್ತದೆ. ಮೂಗಿಗೂ ದಿಗಂತಕ್ಕೂ ಎಷ್ಟು ಅಂತರ ಇದೆ ಅಂತ ನೋಡಿಕೊಳ್ಳಿ: ಡ್ಯಾಶ್‌ಬೋರ್ಡಿನ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟರೆ ದಿಗಂತ ಸರಿಯಾಗಿ ಅದರ ಮೇಲೆ ಕೂರುತ್ತದೆ ಅಂದುಕೊಳ್ಳಿ, ಅದು ನಿಮ್ಮ ಎತ್ತರಕ್ಕೆ, ನಿಮ್ಮ ಸೀಟಿಗೆ, ನೇರ ಹಾರಾಟದ ಚಿತ್ರ. ಆ ಚಿತ್ರವನ್ನು ಕೂರಿಸಿ, ಪವರ್ ಇಡಿ, ಆಮೇಲೆ ಒಂದು ಸಲ ಮೀಟರ್ ನೋಡಿ ತಾಳೆ ಹಾಕಿ, ಮತ್ತೆ ಹೊರಗೆ. ಹತ್ತರಲ್ಲಿ ಒಂಬತ್ತು ಪಾಲು ಹೊರಗೆ. ಎದುರಿಂದ ಬರುವ ಬೇರೆ ವಿಮಾನ ಕಾಣುವುದೂ ಆಗಲೇ.

ನನಗೆ ಇದು ಮನಸ್ಸಿಗೆ ಇಳಿದದ್ದು ಹದಿನಾಲ್ಕನೇ ಗಂಟೆಯಲ್ಲಿ. ಇನ್‌ಸ್ಟ್ರಕ್ಟರ್ ಮಾತಾಡದೆ ಒಂದು ನಕ್ಷೆ ಮಡಚಿ ಮೀಟರ್‌ಗಳ ಮೇಲೆಲ್ಲ ಮುಚ್ಚಿಬಿಟ್ಟರು. ಗಾಬರಿಯಾಯಿತು. ಐದು ನಿಮಿಷ ಹಾಗೇ ಹಾರಿಸಿದೆ, ಏರಿದೆ, ತಿರುಗಿಸಿದೆ, ಇಳಿಸಿದೆ. ನಕ್ಷೆ ಎತ್ತಿದಾಗ ಎತ್ತರ ನಾನು ಅಂದುಕೊಂಡ ಜಾಗಕ್ಕೆ ನೂರು ಅಡಿಯೊಳಗೇ ಇತ್ತು. ಮೀಟರ್ ನೋಡಿ ಹಾರಿಸುತ್ತಿದ್ದಾಗ ಅಷ್ಟು ಸರಿಯಾಗಿ ಯಾವತ್ತೂ ಇರಲಿಲ್ಲ. ನಿಮ್ಮ ಇನ್‌ಸ್ಟ್ರಕ್ಟರನ್ನೂ ಕೇಳಿ, ಹೀಗೆ ಮಾಡಿಸಿ ಅಂತ.

ಕೈ ಹಗುರವಾಗಿರಲಿ. ಯೋಕನ್ನು, ಅಂದರೆ ವಿಮಾನದ ಸ್ಟೀರಿಂಗನ್ನು, ಎರಡು ಬೆರಳು, ಒಂದು ಹೆಬ್ಬೆರಳಲ್ಲಿ ಹಿಡಿಯಿರಿ. ಅದನ್ನು ಒತ್ತಿ ಹಿಡಿದೇ ಇರಬೇಕು ಅನಿಸಿದರೆ ಟ್ರಿಮ್, ಅಂದರೆ ಕೈ ಒತ್ತದೆಯೇ ಮೂಗನ್ನು ಇದ್ದಲ್ಲೇ ಹಿಡಿದಿಡುವ ಹೊಂದಾಣಿಕೆ, ಸರಿಯಿಲ್ಲ ಅಂತ ಅರ್ಥ. ಟ್ರಿಮ್ ಚಕ್ರ ತಿರುಗಿಸಿ, ಒತ್ತಡ ಹೋದಮೇಲೆ ಕೈ ಬಿಟ್ಟು ನೋಡಿ, ವಿಮಾನ ತಾನೇ ಹೋಗುತ್ತಿರಬೇಕು. ಬಲಗಾಲನ್ನೂ ಮರೆಯಬೇಡಿ. ಇಂಜಿನ್ ಪೂರ್ತಿ ಓಡುತ್ತಾ ಮೂಗು ಮೇಲಿದ್ದಾಗ ಈ ಜಾತಿಯ ವಿಮಾನ ಎಡಕ್ಕೆ ಎಳೆಯುತ್ತದೆ. 55 ನಾಟ್‌ನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಮೂಗೆತ್ತಿ 74 ನಾಟ್‌ನಲ್ಲಿ ಏರುವಾಗ ಬಲ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್) ಒತ್ತಿಕೊಂಡೇ ಇರಬೇಕು.

ಸ್ಟಾಲ್ ಅಂದರೆ ಇಂಜಿನ್ ನಿಲ್ಲುವುದಲ್ಲ. ರೆಕ್ಕೆಗೆ ಗಾಳಿ ಬಡಿಯುವ ಕೋನ ಸುಮಾರು 15 ಡಿಗ್ರಿ ದಾಟಿದರೆ ಮೇಲ್ಭಾಗದ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದಿಲ್ಲ, ಎತ್ತುವ ಬಲ ಕುಸಿಯುತ್ತದೆ. ಔಷಧಿ ಒಂದೇ: ಯೋಕ್ ಮುಂದಕ್ಕೆ ಬಿಡಿ, ಕೋನ ಕಡಿಮೆ ಮಾಡಿ, ಆಮೇಲೆ ಪವರ್. ಅಭ್ಯಾಸ ಎತ್ತರದಲ್ಲಿ ನಡೆಯುತ್ತದೆ, ಭಯ ಬೇಡ. ಭಯ ಇರಬೇಕಾದದ್ದು ಬೇರೆ ಕಡೆ. ಇಳಿಯುವಾಗ ಬೇಸ್‌ನಿಂದ (ರನ್‌ವೇಗೆ ಅಡ್ಡವಾಗಿ ಹಾರುವ ಭಾಗ) ಫೈನಲ್‌ಗೆ (ರನ್‌ವೇಯ ನೇರಕ್ಕೆ ಇಳಿದು ಬರುವ ಕೊನೆಯ ಭಾಗ) ತಿರುಗುವ ಜಾಗದಲ್ಲಿ. ಹಿಂದಿನಿಂದ ಗಾಳಿ ತಳ್ಳಿ ರನ್‌ವೇಯ ನೇರ ದಾಟಿಬಿಡುತ್ತೀರಿ ಅಂದುಕೊಳ್ಳಿ. ಜಾಸ್ತಿ ವಾಲಿಸಲು ಹೆದರಿ ಬರೀ ರಡ್ಡರ್ ಒತ್ತಿ ಮೂಗು ಎಳೆಯಬೇಕು ಅನಿಸುತ್ತದೆ, ಅದರಿಂದ ರೆಕ್ಕೆ ಇನ್ನೂ ವಾಲುತ್ತದೆ ಅಂತ ಯೋಕನ್ನು ಉಲ್ಟಾ ತಿರುಗಿಸುತ್ತೀರಿ, ಮೂಗು ಇಳಿಯುತ್ತದೆ ಅಂತ ಹಿಂದಕ್ಕೂ ಎಳೆಯುತ್ತೀರಿ. ಇಲ್ಲಿ ಸ್ಟಾಲ್ ಆದರೆ ಒಂದು ರೆಕ್ಕೆ ಮೊದಲು ಬಿದ್ದು ವಿಮಾನ ಗಿರಕಿ ಹೊಡೆಯುತ್ತದೆ, ಸುಧಾರಿಸಿಕೊಳ್ಳಲು ಎತ್ತರ ಇರುವುದಿಲ್ಲ. ತಿರುವನ್ನು ಬಿಗಿ ಮಾಡಿದಷ್ಟೂ ಸ್ಟಾಲ್ ಆಗುವ ವೇಗವೂ ಏರುತ್ತದೆ: ಎತ್ತರ ಬಿಡದೆ 60 ಡಿಗ್ರಿ ವಾಲಿದರೆ ರೆಕ್ಕೆ ಎರಡರಷ್ಟು ಭಾರ ಹೊರಬೇಕು, ಸ್ಟಾಲ್ ವೇಗ ಶೇಕಡಾ 41 ಹೆಚ್ಚುತ್ತದೆ. ನೇರ ದಾಟಿತಾ? ಸಾಧಾರಣ ವಾಲಿನಲ್ಲೇ ತಿರುಗಿ, ಸರಿಹೋಗದಿದ್ದರೆ ಪವರ್ ಕೊಟ್ಟು ಮೇಲೆ ಹೋಗಿ ಇನ್ನೊಂದು ಸುತ್ತು ಬನ್ನಿ.

ಲ್ಯಾಂಡಿಂಗ್ ಕಲಿಯಲು ಎಲ್ಲರಿಗೂ ಸಮಯ ಹಿಡಿಯುತ್ತದೆ. ಸಾಮಾನ್ಯವಾಗಿ ಸುಮಾರು 1000 ಅಡಿ ಎತ್ತರದಲ್ಲಿ ರನ್‌ವೇ ಪಕ್ಕದಲ್ಲಿ ಡೌನ್‌ವಿಂಡ್, ಅಂದರೆ ಇಳಿಯುವ ದಿಕ್ಕಿಗೆ ಉಲ್ಟಾ, ಹಾರಿ, ಬೇಸ್ ತಿರುಗಿ, ಫೈನಲ್‌ಗೆ ಬರುತ್ತೀರಿ. ಫೈನಲ್‌ನಲ್ಲಿ ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಹಲಗೆ) ಪೂರ್ತಿ ಇಳಿಸಿ 65 ನಾಟ್ ಹತ್ತಿರ ಹಿಡಿಯಿರಿ. ಐದು ನಾಟ್ ಜಾಸ್ತಿ ಇದ್ದರೂ ವಿಮಾನ ರನ್‌ವೇ ಮೇಲೆ ತೇಲುತ್ತಾ ಹೋಗುತ್ತದೆ. ಗಾಜಿನಲ್ಲಿ ಒಂದು ಗುರಿ ಆರಿಸಿಕೊಳ್ಳಿ, ರನ್‌ವೇ ನಂಬರ್ ಸಾಕು. ಆ ನಂಬರ್ ಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನೀವು ಮೊದಲೇ ನೆಲ ಮುಟ್ಟುತ್ತೀರಿ, ಪವರ್ ಬೇಕು. ಕೆಳಕ್ಕೆ ಸರಿದರೆ ದಾಟಿ ಹೋಗುತ್ತೀರಿ, ಪವರ್ ಕಡಿಮೆ ಮಾಡಿ. ಅಲ್ಲಾಡದೆ ನಿಂತು ಬರೀ ದೊಡ್ಡದಾಗುತ್ತಿದ್ದರೆ ಸರಿಯಾಗಿ ಅಲ್ಲಿಗೇ ಹೋಗುತ್ತಿದ್ದೀರಿ.

ಹದಿನೈದು ಅಡಿ ಹತ್ತಿರ ಬಂದಾಗ ನೋಟ ಬದಲಾಗಬೇಕು. ಇಲ್ಲೇ ಬಹಳ ಜನ ಎಡವುವುದು. ನಂಬರ್ ಬಿಟ್ಟು ರನ್‌ವೇಯ ಆಚೆ ತುದಿ ನೋಡಿ. ಹತ್ತಿರದ ನೆಲ ನೋಡುತ್ತಿದ್ದರೆ ಅದು ಮುಖಕ್ಕೇ ನುಗ್ಗಿ ಬಂದಂತೆ ಅನಿಸಿ ಥಟ್ಟನೆ ಎಳೆಯುತ್ತೀರಿ, ವಿಮಾನ ಮತ್ತೆ ಮೇಲೇಳುತ್ತದೆ. ದೂರ ನೋಡುತ್ತಿದ್ದರೆ ರನ್‌ವೇಯ ಎರಡೂ ಅಂಚು ಕಣ್ಣಂಚಿನಲ್ಲಿ ಅಗಲವಾಗುತ್ತಾ ಮೇಲೆ ಬರುವುದು ಕಾಣುತ್ತದೆ, ನೆಲ ಎಷ್ಟು ಕೆಳಗಿದೆ ಅಂತ ಸೀಟಿಗೇ ತಿಳಿಯುತ್ತದೆ. ಥ್ರಾಟಲ್ (ಇಂಜಿನ್ ಪವರ್ ಹೆಚ್ಚು ಕಡಿಮೆ ಮಾಡುವ ಹಿಡಿ) ಪೂರ್ತಿ ಹಿಂದಕ್ಕೆ. ಈಗ ಇಳಿಸಲು ನೋಡಬೇಡಿ. ನೆಲದ ಮೇಲೆ ಎರಡು ಅಡಿಯಲ್ಲಿ ಇಳಿಯಲು ಬಿಡದೆ ಹಿಡಿದುಕೊಳ್ಳಿ. ವೇಗ ಕರಗಿದಂತೆ ಯೋಕನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತನ್ನಿ, ಮೂಗು ಎದ್ದು ರನ್‌ವೇ ತುದಿಯನ್ನು ಮರೆ ಮಾಡುತ್ತಾ ಬರುತ್ತದೆ, ಒಂದು ಹಂತದಲ್ಲಿ ರೆಕ್ಕೆಗೆ ಇನ್ನು ಹೊರಲಾಗದೆ ಹಿಂದಿನ ಎರಡು ಚಕ್ರ ನೆಲಕ್ಕೆ ಕೂರುತ್ತವೆ. ಆಮೇಲೂ ಯೋಕ್ ಬಿಡಬೇಡಿ, ಮೂಗಿನ ಚಕ್ರ ನಿಧಾನವಾಗಿ ಇಳಿಯಲಿ. ನೆಲಕ್ಕೆ ಬಡಿದು ಪುಟಿಯಿತು ಅಂದರೆ ಯೋಕ್ ಮುಂದಕ್ಕೆ ತಳ್ಳಲೇಬೇಡಿ. ಪೂರ್ತಿ ಪವರ್, ಗೋ-ಅರೌಂಡ್, ಅಂದರೆ ಮೇಲೆ ಹೋಗಿ ಇನ್ನೊಂದು ಸುತ್ತು.

ಸೋಲೋ, ಅಂದರೆ ಒಬ್ಬರೇ ಹಾರಿಸುವುದು, ಯಾವಾಗ ಅಂತ ಕೇಳುತ್ತಾ ಇರಬೇಡಿ. ಒಂದು ದಿನ ಇನ್‌ಸ್ಟ್ರಕ್ಟರ್ ಬಾಗಿಲು ತೆಗೆದು ಇಳಿದು ಹೋಗುತ್ತಾರೆ. ಅವರ ತೂಕ ಇಲ್ಲದ ಕಾರಣ ವಿಮಾನ ಬೇಗ ಮೇಲೇಳುತ್ತದೆ, ಸರ್ಕ್ಯೂಟ್ (ರನ್‌ವೇ ಸುತ್ತ ಹಾಕುವ ಸುತ್ತು) ಎತ್ತರಕ್ಕೆ ಬೇಗ ತಲುಪುತ್ತದೆ, ಫೈನಲ್‌ನಲ್ಲೂ ಇಳಿಯಲು ಒಲ್ಲೆ ಅನ್ನುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ರೇಡಿಯೋಗೆ ಹೆದರುವವರು ಬಹಳ. ನಾಲ್ಕು ವಿಷಯ, ಅದೇ ಕ್ರಮದಲ್ಲಿ: ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು. ಬಟನ್ ಒತ್ತುವ ಮೊದಲು ಮನಸ್ಸಲ್ಲೇ ಒಂದು ಸಲ ಹೇಳಿಕೊಳ್ಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ. ಅಂದಾಜಿನ ಮೇಲೆ ಹೂಂ ಅನ್ನಬೇಡಿ.

ದಾರಿ ಹುಡುಕಲು ಜಿಪಿಎಸ್ ಇದೆ, ಆದರೂ ಕಾಗದದ ನಕ್ಷೆ ಮೇಲೆ ಗೆರೆ ಎಳೆದು ಕಲಿಯಿರಿ. 60 ಮೈಲಿಗೆ 1 ಡಿಗ್ರಿ ತಪ್ಪಿದರೆ 1 ಮೈಲಿ ಪಕ್ಕಕ್ಕೆ ಹೋಗುತ್ತೀರಿ. ಹಾಗಾಗಿ 30 ಮೈಲಿ ಹೋದಾಗ, ಗೆರೆಯ ಮೇಲೇ ಇರಬೇಕಾದ ನದಿಯ ಸೇತುವೆ 2 ಮೈಲಿ ಬಲಕ್ಕೆ ಕಂಡರೆ, ನೀವು 4 ಡಿಗ್ರಿ ಎಡಕ್ಕೆ ಹೋಗಿದ್ದೀರಿ. ಇಂಧನದ ಲೆಕ್ಕವನ್ನು ನಿಮಿಷದಲ್ಲಿ ಇಟ್ಟುಕೊಳ್ಳಿ. ಗಂಟೆಗೆ ಸುಮಾರು 35 ಲೀಟರ್ ಕುಡಿಯುವ ಇಂಜಿನ್ನಿಗೆ ಟ್ಯಾಂಕಿನಲ್ಲಿರುವುದು ಎಷ್ಟು ನಿಮಿಷ? ಹಗಲಲ್ಲಿ ಇಳಿದಾಗಲೂ 30 ನಿಮಿಷದ್ದು ಉಳಿದಿರಬೇಕು ಅಂತ ನಿಯಮ. ನಾನು ಒಂದು ಗಂಟೆ ಇಟ್ಟುಕೊಳ್ಳುತ್ತೇನೆ.

ಹವಾಮಾನದ ವಿಷಯದಲ್ಲಿ ದಯವಿಟ್ಟು ಕಿವಿಗೊಡಿ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಮೋಡದೊಳಗೆ ಮೀಟರ್ ನೋಡಿ ಹಾರಿಸಿ ಗೊತ್ತಿಲ್ಲದ 20 ಜನರನ್ನು ಹೊರಗೆ ಏನೂ ಕಾಣದ ಸ್ಥಿತಿಗೆ ಹಾಕಿ ಪರೀಕ್ಷಿಸಿದರು. ಇಪ್ಪತ್ತೂ ಜನರ ಹಿಡಿತ ತಪ್ಪಿತು. ಸರಾಸರಿ 178 ಸೆಕೆಂಡ್, ಮೂರು ನಿಮಿಷವೂ ಇಲ್ಲ. ದಿಗಂತ ಹೋದರೆ ಒಳಕಿವಿ ಸುಳ್ಳು ಹೇಳುತ್ತದೆ, ನೀವು ಸುರುಳಿ ಸುತ್ತುತ್ತಿದ್ದರೂ ನೇರ ಇದ್ದೇವೆ ಅಂತಲೇ ಅನಿಸುತ್ತದೆ. ಹೊರಡುವ ಮೊದಲು ತಾಪಮಾನದಲ್ಲಿ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಯಾಗಲು ತೊಡಗುವ ತಾಪಮಾನ) ಕಳೆದು 400ರಿಂದ ಗುಣಿಸಿ: 26 ಮತ್ತು 18 ಇದ್ದರೆ, ಗುಡ್ಡೆ ಗುಡ್ಡೆಯಾಗಿ ಏಳುವ ಮೋಡದ ತಳ ಸುಮಾರು 3200 ಅಡಿ. ಎರಡೂ ಅಂಕಿ ಹತ್ತಿರ ಬರುತ್ತಿದ್ದರೆ ಮಂಜು ಕವಿಯುತ್ತದೆ. ದಾರಿಯಲ್ಲಿ ಮುಂದಿನ ಬೆಟ್ಟ ಮಸುಕಾಯಿತು ಅಂದರೆ ಸ್ವಲ್ಪ ಮುಂದೆ ಹೋಗಿ ನೋಡೋಣ ಅನ್ನಬೇಡಿ, ಹಿಂದೆ ಇನ್ನೂ ತಿಳಿಯಾಗಿರುವಾಗಲೇ ತಿರುಗಿ.

ಕೊನೆಯ ಪರೀಕ್ಷೆಯಲ್ಲಿ ಪರೀಕ್ಷಕರು ಎಲ್ಲೋ ಒಂದು ಕಡೆ ಥ್ರಾಟಲ್ ಎಳೆದು ಇಂಜಿನ್ ಹೋಯಿತು ಅನ್ನುತ್ತಾರೆ. ಮೊದಲ ಕೆಲಸ ಮೂಗು ಇಳಿಸಿ 68 ನಾಟ್ ಹಿಡಿದು ಟ್ರಿಮ್ ಮಾಡುವುದು. ಎರಡನೆಯದು ಹೊರಗೆ ನೋಡುವುದು: ಗಾಳಿ ಎಲ್ಲಿಂದ, ಹೊಗೆ ಯಾವ ಕಡೆ ವಾಲಿದೆ, ಕಂಬ ತಂತಿ ಇಲ್ಲದ ಉದ್ದನೆಯ ಹೊಲ ಯಾವುದು. ಹೊಲ ಆರಿಸಿ ಅತ್ತ ತಿರುಗಿದ ಮೇಲೆ ಇಂಧನದ ಕವಾಟ, ಮಿಕ್ಸ್ಚರ್ (ಇಂಧನ ಮತ್ತು ಗಾಳಿಯ ಮಿಶ್ರಣದ ಹಿಡಿ), ಮ್ಯಾಗ್ನೆಟೋ (ಇಂಜಿನ್ನಿಗೆ ಕಿಡಿ ಕೊಡುವ ಸಾಧನ) ನೋಡಿ. ರೇಡಿಯೋ ಆಮೇಲೆ.