ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಉಳಿಸಿಕೊಳ್ಳುವುದು ಹೇಗೆ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ದೊಡ್ಡ ಟೈರ್ ಹಾಕಿಸಿಕೊಂಡು ಹೊರಬಂದ ದಿನ ನನ್ನ ಗಾಡಿ ಆನೆಯಂತೆ ಕಾಣುತ್ತಿತ್ತು. ತಿನ್ನುವುದೂ ಆನೆಯ ಹಾಗೇ ಅಂತ ಮೂರನೇ ವಾರ ಬಂಕಿನಲ್ಲಿ ಗೊತ್ತಾಯಿತು. ಲೀಟರ್ ಡೀಸೆಲ್‌ಗೆ 13 ಕಿ.ಮೀ. ಕೊಡುತ್ತಿದ್ದದ್ದು ಹತ್ತೂವರೆಗೆ ಇಳಿದಿತ್ತು. ಥಾರ್, ಜಿಮ್ನಿ, ಹಳೇ ಜಿಪ್ಸಿಯಂಥ ಕಾಡುದಾರಿಯ ಗಾಡಿ ಇಟ್ಟುಕೊಂಡ ಗೆಳೆಯರದ್ದೂ ಇದೇ ಗೋಳು. 'ಶೋಕಿ ಮಾಡಿದ ಮೇಲೆ ಲೆಕ್ಕ ಹಾಕಬಾರದು' ಅಂತ ಮನೆಯಲ್ಲಿ ಹೇಳಿಸಿಕೊಂಡಿದ್ದೂ ಆಯಿತು. ಆದರೂ ಲೆಕ್ಕ ಹಾಕಿದೆ.

ಮೊದಲು ಮೀಟರಿನ ಸುಳ್ಳು ಹಿಡಿಯಿರಿ

ಟೈರ್ ದೊಡ್ಡದಾದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ದೂರ ಹೋಗಿರುತ್ತದೆ. ಮೀಟರಿಗೆ ಇದು ಗೊತ್ತಿಲ್ಲ. ಅದು ಸುತ್ತು ಎಣಿಸಿ, ಹಳೇ ಟೈರಿನ ಲೆಕ್ಕದಲ್ಲೇ ಕಿಲೋಮೀಟರ್ ತೋರಿಸುತ್ತದೆ.

ಎಷ್ಟು ವ್ಯತ್ಯಾಸ ಅನ್ನುವುದು ಟೈರಿನ ಮೇಲೇ ಬರೆದಿದೆ. ನನ್ನ ಹಳೇ ಟೈರ್ 245/75 ಆರ್16. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಅಂದರೆ ಅಗಲದ ಶೇ 75. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ಗೋಡೆ ಮೇಲೊಂದು ಕೆಳಗೊಂದು ಇರುತ್ತದಲ್ಲ, ಅದಕ್ಕೇ ಎರಡರಿಂದ ಗುಣಿಸಿ. 16 ಇಂಚಿನ ರಿಮ್ ಅಂದರೆ 406 ಮಿ.ಮೀ., ಅದನ್ನು ಕೂಡಿಸಿ. ಒಟ್ಟು ಸುಮಾರು 774 ಮಿ.ಮೀ. ಎತ್ತರ. ಹೊಸ ಟೈರ್ 285/75 ಆರ್16, ಅದರದ್ದು 834. ಶೇ 7.7ರಷ್ಟು ಜಾಸ್ತಿ. ಜಿಮ್ನಿಯವರು 195/80 ಆರ್15 ತೆಗೆದು 235/75 ಆರ್15 ಹಾಕಿದ್ದರೆ ವ್ಯತ್ಯಾಸ ಹತ್ತಿರಹತ್ತಿರ ಶೇ 6.

ಈಗ ಟ್ಯಾಂಕ್ ಫುಲ್ ಮಾಡಿಸಿ. ಪಂಪ್ ತಾನಾಗಿ ನಿಂತಾಗ ಸಾಕು ಅನ್ನಿ, ಮೇಲೆ ತುಂಬಿಸುವುದು ಬೇಡ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ನಾಲ್ಕುನೂರು ಕಿಲೋಮೀಟರ್ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ. ನನ್ನ ಗಾಡಿಯಲ್ಲಿ ಮೀಟರ್ 441 ತೋರಿಸಿತು, ಡೀಸೆಲ್ ಹಿಡಿದದ್ದು 42 ಲೀಟರ್. ಲೀಟರಿಗೆ 10.5. ಆದರೆ ನಿಜವಾಗಿ ಓಡಿದ್ದು 441ಕ್ಕೆ ಶೇ 7.7 ಸೇರಿಸಿದಷ್ಟು, ಅಂದರೆ 475 ಕಿ.ಮೀ. ಆಗ ಲೀಟರಿಗೆ 11.3 ಬಂತು. ಕಳೆದುಹೋಯಿತು ಅಂದುಕೊಂಡ ಎರಡೂವರೆ ಕಿಲೋಮೀಟರಿನಲ್ಲಿ ಮೂರನೇ ಒಂದು ಭಾಗ ಕಳೆದೇ ಇರಲಿಲ್ಲ!

ಟೈರ್ ಸವೆದಿದ್ದರೆ ಲೆಕ್ಕ ಕೊಂಚ ಆಚೀಚೆ ಆಗುತ್ತದೆ. ತುಮಕೂರು ರಸ್ತೆಯಲ್ಲಿ ಒಂದು ಐವತ್ತು ಕಿಲೋಮೀಟರ್ ಹೋಗಿ ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡಿ. ಸ್ಪೀಡೋಮೀಟರಿಗೂ ಇದೇ ಕಾಯಿಲೆ. ಮುಳ್ಳು 80ರಲ್ಲಿದ್ದರೂ ಗಾಡಿ ಮೊದಲಿನ 80ಕ್ಕಿಂತ ಜೋರಾಗಿ ಹೋಗುತ್ತಿರುತ್ತದೆ. ಕ್ಯಾಮೆರಾ ಇರುವ ರಸ್ತೆಯಲ್ಲಿ ನೆನಪಿಟ್ಟುಕೊಳ್ಳಿ.

ಗಾಳಿ: ಸೀಮೆಸುಣ್ಣ ಸಾಕು

ಉಳಿದ ನಷ್ಟದಲ್ಲಿ ಕಾಸಿಲ್ಲದೆ ಸರಿಹೋಗುವುದು ಟೈರಿನ ಗಾಳಿ. ಅದು ಕಡಿಮೆಯಾದರೆ ಟೈರ್ ಉರುಳುವುದಕ್ಕೇ ಹೆಚ್ಚು ಇಂಧನ ಬೇಕು. ಪಂಚರ್ ಅಂಗಡಿಯಲ್ಲಿ 'ಎಷ್ಟು ಹಾಕ್ಲಿ ಸಾರ್?' ಅಂತ ಕೇಳಿದಾಗ ನಾವು ಬಾಯಿಗೆ ಬಂದ ಅಂಕಿ ಹೇಳುತ್ತೇವೆ, ಅಲ್ವಾ? ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯ ಅಂಕಿ ಕಂಪನಿ ಕೊಟ್ಟ ಟೈರಿಗೆ ಮಾತ್ರ. ಅಳತೆ ಬೇರೆ ಆದಾಗ, ಅದರಲ್ಲೂ ಹೆಚ್ಚು ಪದರದ ಗಟ್ಟಿ ಟೈರ್ ಹಾಕಿದಾಗ, ಸಾಮಾನ್ಯವಾಗಿ ಇನ್ನೂ ಸ್ವಲ್ಪ ಗಾಳಿ ಬೇಕಾಗುತ್ತದೆ.

ಎಷ್ಟು ಅಂತ ಕಂಡುಹಿಡಿಯಲು ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ ಶುರು ಮಾಡಿ. ಟೈರ್ ತಣ್ಣಗಿರಬೇಕು. ದಿನಾ ಎಷ್ಟು ಭಾರ ಹೊರುತ್ತೀರೋ ಅಷ್ಟೇ ಗಾಡಿಯಲ್ಲಿರಲಿ. ಟೈರಿನಲ್ಲಿ ರಸ್ತೆಗೆ ತಾಗುವ ಉಬ್ಬುಗಳ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆಯಿರಿ. ಸಮತಟ್ಟಾದ, ಒಣಗಿದ ಟಾರು ರಸ್ತೆಯಲ್ಲಿ ನೂರು ಮೀಟರ್ ನೇರವಾಗಿ ಓಡಿಸಿ. ಇಳಿದು ನೋಡಿ. ನಡುವೆ ಮಾತ್ರ ಸುಣ್ಣ ಅಳಿಸಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆಯಾಗಿದೆ. ಒಂದೇ ಸಮ ಅಳಿಸುವವರೆಗೆ ಎರಡೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುತ್ತಾ, ಬಿಡುತ್ತಾ ಹೋಗಿ. ಮುಂದಿನದ್ದಕ್ಕೂ ಹಿಂದಿನದ್ದಕ್ಕೂ ಬೇರೆ ಅಂಕಿ ಬಂದರೆ ಗಾಬರಿ ಬೇಡ, ಎಂಜಿನ್ ಭಾರ ಮುಂದಿದೆ. ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ದಾಟಬೇಡಿ. ಚೀಟಿಯಲ್ಲಿದ್ದ ಅಂಕಿಗಿಂತ ಕೆಳಗೂ ನಾನು ಇಳಿಯುವುದಿಲ್ಲ, ಸುಣ್ಣ ಏನೇ ಹೇಳಲಿ. ಹೆದ್ದಾರಿಯಲ್ಲಿ ಕಡಿಮೆ ಗಾಳಿಯ ಟೈರ್ ಬಿಸಿಯಾಗಿ ಸಿಡಿಯಬಹುದು.

ನಾವು ಮಾಡುವ ದೊಡ್ಡ ತಪ್ಪು ಭಾನುವಾರ ಸಂಜೆಯದ್ದು. ಕೆಸರಿಗೆ, ಮರಳಿಗೆ ಅಂತ 18-20ಕ್ಕೆ ಗಾಳಿ ಇಳಿಸಿರುತ್ತೇವೆ. ವಾಪಸ್ ಬರುವಾಗ 'ನಾಳೆ ಹಿಡಿಸಿದರಾಯಿತು' ಅಂತ ಹಾಗೇ ಮನೆ ಸೇರುತ್ತೇವೆ. ಆ ನಾಳೆ ಗುರುವಾರ ಬರುತ್ತದೆ. ಸಿಗರೇಟ್ ಲೈಟರಿಗೆ ಅಥವಾ ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರ್ ಒಂದನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ.

ರಾಗಿ ಕಲ್ಲು ಮತ್ತು ಸಿಗ್ನಲ್

ದೊಡ್ಡ ಟೈರ್ ಭಾರ. ಆ ಭಾರ ಇರುವುದೂ ಅಂಚಿನಲ್ಲಿ. ರಾಗಿ ಬೀಸುವ ಕಲ್ಲನ್ನು ನೋಡಿದವರಿಗೆ ಗೊತ್ತು, ಶುರುವಿನಲ್ಲಿ ತಳ್ಳುವುದೇ ಕಷ್ಟ, ತಿರುಗತೊಡಗಿದ ಮೇಲೆ ಹಗುರ. ನಿಮ್ಮ ಗಾಡಿ ಅಂಥ ನಾಲ್ಕು ಕಲ್ಲು ಕಟ್ಟಿಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿದೆ. ಬ್ರೇಕ್ ಒತ್ತಿದಾಗಲೆಲ್ಲ ತಿರುಗುತ್ತಿದ್ದ ಕಲ್ಲನ್ನು ಹಿಡಿದು ನಿಲ್ಲಿಸಿ, ಮತ್ತೆ ಮೊದಲಿನಿಂದ ತಳ್ಳಿದ ಹಾಗೆ. ಹಾಗಾಗಿ ಮುಂದೆ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗೇರಿನಲ್ಲೇ ಉರುಳುತ್ತಾ ಹೋಗಿ. ನಿಲ್ಲುವಷ್ಟರಲ್ಲಿ ಹಸಿರಾದರೆ ಲಾಭ. ಹಿಂದಿನ ಆಟೋದವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಳಿ ಬಿಡಿ. ನಂದಿ ಬೆಟ್ಟ ಇಳಿಯುವಾಗ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ, ಈಗಿನ ಎಂಜಿನ್‌ಗಳು ಇಂಧನ ಸುರಿಯುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನು ಆರದಂತೆ ಕುಡಿಯುತ್ತಲೇ ಇರುತ್ತದೆ. ಬ್ರೇಕಿಗೂ ಕೇಡು.

ಗೇರಿನ ವಿಷಯ ಕೊಂಚ ಉಲ್ಟಾ. ಬೇಗ ಮೇಲಿನ ಗೇರ್ ಹಾಕಿದರೆ ಉಳಿತಾಯ ಅಂತ ನಾವೆಲ್ಲ ಕಲಿತಿದ್ದೇವೆ. ದೊಡ್ಡ ಟೈರಿನಲ್ಲಿ ಎಲ್ಲ ಗೇರೂ ಉದ್ದವಾದಂತೆ ಆಗುತ್ತದೆ, ಅಂದರೆ ಎಂಜಿನ್ ಅಷ್ಟೇ ತಿರುಗಿದರೂ ಗಾಡಿ ಇನ್ನೂ ಜೋರಾಗಿ ಹೋಗುತ್ತದೆ. ಮೊದಲು 70ರಲ್ಲಿ ಟಾಪ್ ಗೇರ್ ಹಾಕುತ್ತಿದ್ದರೆ ಈಗ 75 ದಾಟುವವರೆಗೆ ಕಾಯಿರಿ. ಎಂಜಿನ್ ಗುಡುಗುಡು ಅಂದರೆ ಕೆಳಗಿನ ಗೇರ್ ಕೇಳುತ್ತಿದೆ ಅಂತ ಅರ್ಥ. ಜಿಮ್ನಿ, ಜಿಪ್ಸಿಯವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅವುಗಳಂಥ, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಇಲ್ಲದ ಎಂಜಿನ್‌ಗೆ ಇಲ್ಲಿನ ತೆಳು ಗಾಳಿಯಲ್ಲಿ ಮೊದಲೇ ದಮ್ಮು ಕಡಿಮೆ.

ತಲೆ ಮೇಲಿನ ಹೊರೆ ಇಳಿಸಿ

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಹೆಚ್ಚು. ಮೊದಲೇ ಡಬ್ಬದಂಥ ಗಾಡಿ, ಅದರ ಮೇಲೆ ಕ್ಯಾರಿಯರ್, ಉದ್ದನೆಯ ಲೈಟು, ಖಾಲಿ ಜೆರ್ರಿ ಕ್ಯಾನ್. ನನ್ನ ಕ್ಯಾರಿಯರ್ ಬಿಚ್ಚಿ ಟೆರೇಸಿನಲ್ಲಿಟ್ಟಿದ್ದೇನೆ. ಅಮ್ಮ ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ.

ಡಾಂಬರಿನ ಮೇಲೆ ಫೋರ್ ವ್ಹೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಗೇರ್, ಹಾಕಬೇಡಿ, ಟು ವ್ಹೀಲ್ ಸಾಕು. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಗಾಡಿ ಎತ್ತರ ಮಾಡಿಸಿದ್ದರೆ ಇದು ಕಡ್ಡಾಯ. ಏರ್ ಫಿಲ್ಟರ್ ಬದಲಾಯಿಸಿದರೆ ಮೈಲೇಜ್ ಏರುತ್ತದೆ ಅನ್ನುವುದು ಕಾರ್ಬುರೇಟರ್ ಕಾಲದ ಮಾತು. ಈಗಿನ ಗಾಡಿಗಳಲ್ಲಿ ಅದು ಹೆಚ್ಚಾಗಿ ಪಿಕಪ್‌ನ ವಿಷಯ.

ಯಾರೂ ನೋಡದ ಜಾಗ ಬ್ರೇಕ್. ಕಳೆದ ಮಳೆಗಾಲದಲ್ಲಿ ಕೆಸರಾಟ ಮುಗಿಸಿ ಬಂದ ಮೇಲೆ ಮೈಲೇಜ್ ಮತ್ತೆ ಕುಸಿಯಿತು. ಒಂದು ಗ್ಯಾರೇಜಿನವರು ಇಂಜೆಕ್ಟರ್ ತೊಳೆದು ಬಿಲ್ ಮಾಡಿದರು, ಏನೂ ಬದಲಾಗಲಿಲ್ಲ. ಆಮೇಲೆ ನಾನೇ ಅರ್ಧ ಗಂಟೆ ಓಡಿಸಿ, ನಾಲ್ಕೂ ರಿಮ್ಮಿನ ಹತ್ತಿರ ಅಂಗೈ ಹಿಡಿದೆ. ಮುಂದಿನ ಎಡ ಚಕ್ರ ಕಾವಲಿಯ ಹಾಗೆ ಕಾದಿತ್ತು. ಬ್ರೇಕ್ ಪ್ಯಾಡ್ ಒತ್ತಿ ಹಿಡಿಯುವ ಕ್ಯಾಲಿಪರಿನ ಪಿನ್ನಿಗೆ ಮಣ್ಣು ಸೇರಿ ಬ್ರೇಕ್ ಅರ್ಧ ಹಿಡಿದುಕೊಂಡೇ ಇತ್ತು. ರಿಮ್ ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು.

ದುಡ್ಡು ಹಾಕುವ ಮುಂಚೆ

ಇಂಧನದ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಟ್ಯಾಂಕಿಗೆ ಹಾಕುವ ಗುಳಿಗೆ, ಇವೆಲ್ಲ ಸುಮ್ನೆ. ಖರ್ಚು ಮಾಡಲೇಬೇಕು ಅಂದರೆ ಎರಡು ದಾರಿ. ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್ ಹಲ್ಲುಚಕ್ರಗಳನ್ನು ಬದಲಾಯಿಸಿ ಗೇರಿನ ಅನುಪಾತ ಸರಿ ಮಾಡಿಸುವುದು ಒಂದು. ದುಬಾರಿ, ಮುಂದಿನದ್ದು ಹಿಂದಿನದ್ದು ಎರಡನ್ನೂ ಒಟ್ಟಿಗೆ ಮಾಡಿಸಬೇಕು. ಇನ್ನೊಂದು, ಹಳೇ ಟೈರ್ ಮಾರದೆ ರಿಮ್ ಸಮೇತ ಇಟ್ಟುಕೊಳ್ಳುವುದು. ವಾರವಿಡೀ ಅದರಲ್ಲಿ ಆಫೀಸಿಗೆ, ಕಾಡುದಾರಿಗೆ ಹೊರಡುವ ಹಿಂದಿನ ರಾತ್ರಿ ದೊಡ್ಡದು. ಕಂಪನಿ ಒಪ್ಪಿದ ಅಳತೆ ಮೀರಿದ ಟೈರಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ (ಗಾಡಿಯ ಮಾರ್ಪಾಡಿನ ನಿಯಮ) ತಕರಾರು ಬರಬಹುದು, ವಿಮೆಯವರೂ ಪ್ರಶ್ನೆ ಎತ್ತಬಹುದು. ಅದಕ್ಕೂ ಇದು ಒಳ್ಳೆಯದು.

ನಾನಿನ್ನೂ ಎರಡನ್ನೂ ಮಾಡಿಲ್ಲ. ಗಾಳಿ, ಕಾಲು, ಕ್ಯಾರಿಯರ್, ಬ್ರೇಕ್ ಇಷ್ಟರಲ್ಲೇ ಕಳೆದ ಮೂರು ಟ್ಯಾಂಕ್ 12ರ ಹತ್ತಿರ ಬಂದಿವೆ. ಮೀಟರ್ ಮಾತ್ರ ಇನ್ನೂ 11.1 ಅನ್ನುತ್ತಿದೆ.