ಕಣ್ಣು ಹಳದಿಯಾಗಿ ಬಂದವರಿಗೆ ಪಿಎಚ್‌ಸಿಯಲ್ಲೇ ಏನು ಮಾಡಬಹುದು

ಕೊಡಗಿನ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೊಸದಾಗಿ ಬಂದ ಡಾಕ್ಟರುಗಳಿಗೆ ಮೊದಲ ಮಾತು: ನಾಟಿ ಮದ್ದು ಕುಡಿದು ಬಂದವರಿಗೆ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳೋದೇ ಇಲ್ಲ. ಏನು ಕುಡಿದರು, ಎಷ್ಟು ದಿನ, ಜೊತೆಗೆ ಎಣ್ಣೆ (ಮದ್ಯ) ಎಷ್ಟು, ಜ್ವರಕ್ಕೆ ಯಾವ ಮಾತ್ರೆ ನುಂಗಿದರು ಅಂತ ಕೇಳಿ ಬರೆದುಕೊಳ್ಳಿ.

ಆಮೇಲೆ ಯಾರನ್ನು ಇವತ್ತೇ ಮಡಿಕೇರಿಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಅಂತ ನೋಡಿ. ಎರಡೂ ಕೈ ಮುಂದೆ ಚಾಚಿ, ಗಾಡಿ ನಿಲ್ಲಿಸುವ ಪೊಲೀಸಿನ ಥರ ಅಂಗೈ ಎತ್ತಿ ಹಿಡಿಯಲು ಹೇಳಿ. ಅಂಗೈ ಪಟಪಟ ಅಂತ ಕೆಳಗೆ ಬಿದ್ದು ಏಳುತ್ತಿದ್ದರೆ, ಮಾತು ತಪ್ಪುತ್ತಿದ್ದರೆ, ಹಗಲೆಲ್ಲ ತೂಕಡಿಕೆ, ಒಸಡಲ್ಲಿ ರಕ್ತ, ನಿಲ್ಲದ ವಾಂತಿ ಇದ್ದರೆ ಅಥವಾ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಟೆಸ್ಟ್) 1.5 ಮುಟ್ಟಿದ್ದರೆ ಕಾಯಬೇಡಿ. ಗರ್ಭಿಣಿಯನ್ನಂತೂ ಇಟ್ಟುಕೊಳ್ಳಲೇಬೇಡಿ, ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ (ವೈರಸ್‌ನಿಂದ ಬರುವ ಲಿವರ್ ಊತದ ಒಂದು ಬಗೆ) ತಾಯಿಯ ಜೀವಕ್ಕೇ ಕುತ್ತು.

ಮಳೆಗಾಲದಲ್ಲಿ ಇನ್ನೊಂದು ಗೊಂದಲ. ಗದ್ದೆಗೆ ಇಳಿದವರಿಗೆ ಇಲಿ ಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ವೈರಸ್ ಕಾಮಾಲೆಯಲ್ಲಿ ಹಳದಿ ಕಾಣುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಇಳಿದಿರುತ್ತದೆ. ಜ್ವರ ಬಿಡದೆ, ಮೀನಖಂಡ ಒತ್ತಿದರೆ ನೋವು, ಕಣ್ಣು ಕೆಂಪು ಅಂದರೆ ಇಲಿ ಜ್ವರ ಅಂದುಕೊಂಡೇ ಆಂಟಿಬಯೋಟಿಕ್ ಶುರು ಮಾಡಿ, ರಿಪೋರ್ಟಿಗೆ ಕಾಯಬೇಡಿ.

ಹೆಪಟೈಟಿಸ್ ಎ ಮತ್ತು ಇ ನೀರಿನಿಂದ ಬರುವವು, ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನಾಗೇ ವಾಸಿಯಾಗುತ್ತದೆ. ಲಿವರ್ ಟಾನಿಕ್ ಸುಮ್ನೆ ದುಡ್ಡು ದಂಡ. ಉಪ್ಪಿಲ್ಲದ ಗಂಜಿಯ ಪಥ್ಯವೂ ಬೇಡ, ಸೇರಿದ್ದನ್ನು ತಿನ್ನಲಿ. ಕುಡಿಯೋ ಎಣ್ಣೆ ಪೂರ್ತಿ ಬಂದ್. ಪ್ಯಾರಸಿಟಮಾಲ್ ಬೇಕೇ ಬೇಕಾದರೆ ದೊಡ್ಡವರಿಗೂ ದಿನಕ್ಕೆ 2 ಗ್ರಾಂ ದಾಟಬಾರದು. ಒಂದೇ ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲು ಮನೆ) ಇಬ್ಬರು ಬಂದರಂತೂ ಆರೋಗ್ಯ ನಿರೀಕ್ಷಕರನ್ನು ಕರೆದುಕೊಂಡು ಅಲ್ಲಿಗೇ ಹೋಗಿ. ನೀರು ತೋಡಿನದೋ ಬಾವಿಯದೋ, ಕಕ್ಕಸು ಅದಕ್ಕಿಂತ ಮೇಲಿದೆಯೋ ಅಂತ ಕಣ್ಣಾರೆ ನೋಡಿ, ಕ್ಲೋರಿನ್ ಹಾಕಿಸಿ, ಕುದಿಸಿ ಕುಡಿಯಲು ಹೇಳಿ.

ಕಾಮಾಲೆ ಬಂದವರೆಲ್ಲರಿಗೂ ಹೆಪಟೈಟಿಸ್ ಬಿ, ಸಿ ಕಾರ್ಡ್ ಟೆಸ್ಟ್ (ಕೂಡಲೇ ಫಲಿತಾಂಶ ಕೊಡುವ ರಕ್ತದ ಟೆಸ್ಟ್) ಮಾಡಿಸಿ. ನಾವು ಎಡವೋದು ಇಲ್ಲೇ: 'ಬಿ ಪಾಸಿಟಿವ್' ಅಂತ ಚೀಟಿ ಬರೆದು ಕಳಿಸಿಬಿಡುತ್ತೇವೆ, ಆ ಮನುಷ್ಯ ಮತ್ತೆ ಬರೋದೇ ಇಲ್ಲ. ಆರು ತಿಂಗಳಿಗೆ ಮತ್ತೆ ಟೆಸ್ಟ್ ಮಾಡಬೇಕು, ತಾರೀಕು ಈಗಲೇ ಬರೆದುಕೊಡಿ. ದೊಡ್ಡವರಾದ ಮೇಲೆ ಅಂಟಿದವರಲ್ಲಿ ಹೆಚ್ಚಿನವರ ಮೈ ತಾನೇ ವೈರಸ್ ಓಡಿಸುತ್ತದೆ, ಹುಟ್ಟುವಾಗ ಅಂಟಿದ ಮಕ್ಕಳಲ್ಲಿ ಸುಮಾರು 90% ಜನರಿಗೆ ಅದು ಉಳಿದುಬಿಡುತ್ತದೆ. ಅದಕ್ಕೇ ಪಾಸಿಟಿವ್ ತಾಯಿಯ ಮಗುವಿಗೆ 24 ಗಂಟೆಯೊಳಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕು. ಎದೆಹಾಲು ಕೊಡಬಹುದು. ಮನೆಯವರಿಗೂ ಟೆಸ್ಟ್ ಮಾಡಿ, ನೆಗೆಟಿವ್ ಬಂದವರಿಗೆ ಲಸಿಕೆ ಹಾಕಿ.

ಸಿ ಪಾಸಿಟಿವ್ ಅಂದ ಮಾತ್ರಕ್ಕೆ ರೋಗ ಈಗ ಇದೆ ಅಂತಲ್ಲ, ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ) ನೋಡಬೇಕು. ವೈರಸ್ ಇದ್ದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ಪೂರ್ತಿ ಹೋಗುತ್ತದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಉಚಿತ.

ತೋಟದ ರೈಟರ್ (ಕೆಲಸದವರ ಲೆಕ್ಕ ನೋಡುವವರು) ಫೋನ್ ಮಾಡಿ 'ಏನಂತೆ ಅವನಿಗೆ' ಅಂತ ಕೇಳೇ ಕೇಳುತ್ತಾರೆ. ಬಿ, ಸಿ ವಿಷಯ ಹೇಳಬೇಡಿ. ತಟ್ಟೆ ಲೋಟದಿಂದ, ಜೊತೆಗೆ ಕೆಲಸ ಮಾಡೋದರಿಂದ ಇವು ಅಂಟೋದಿಲ್ಲ, ರೈಟರಿಗೆ ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.