ಮಾಜಿ ಸೈನಿಕರ ಮದ್ಯವ್ಯಸನ: ಚಿಕಿತ್ಸೆಗೆ ಎಲ್ಲಿ, ಹೇಗೆ ಹೋಗಬೇಕು

ಸೇನೆಯಿಂದ ನಿವೃತ್ತರಾದವರ ಮನೆಯಲ್ಲಿ ಕುಡಿತದ ವಿಷಯ ಬಂದಾಗ ‘ಮನಸ್ಸು ಮಾಡಿದರೆ ಅವರು ನಾಳೆಯೇ ಬಿಟ್ಟಾರು’ ಎಂಬ ಮಾತು ಹೆಂಡತಿ, ಮಕ್ಕಳು, ಹಳೆಯ ಸಂಗಾತಿಗಳು ಎಲ್ಲರ ಬಾಯಲ್ಲೂ ಬರುತ್ತದೆ. ಹದಿನೈದಿಪ್ಪತ್ತು ವರ್ಷ ಆಜ್ಞೆಯಂತೆ ನಡೆದವರಿಗೆ ತಮ್ಮ ಮೇಲೆ ತಾವೇ ಒಂದು ಆಜ್ಞೆ ಹೊರಡಿಸಿಕೊಳ್ಳುವುದು ಏನು ಮಹಾ ಎಂಬ ನಂಬಿಕೆ ಆ ಮಾತಿನ ಹಿಂದೆ ಇದೆ. ಆದರೆ ದೇಹ ಮದ್ಯಕ್ಕೆ ಒಗ್ಗಿಹೋದ ಮೇಲೆ ಹಟ ತೊಟ್ಟು ಏಕಾಏಕಿ ನಿಲ್ಲಿಸುವುದು, ವೈದ್ಯರ ಕಣ್ಗಾವಲಿಲ್ಲದಿದ್ದರೆ, ಜೀವಕ್ಕೇ ಎರವಾಗಬಹುದು. ಆದ್ದರಿಂದ ಕುಡಿತ ಬಿಡುವ ಸಂಕಲ್ಪಕ್ಕಿಂತ ಮೊದಲು ಬೇಕಾಗಿರುವುದು ಆಸ್ಪತ್ರೆಯ ದಾರಿ. ಆ ದಾರಿಯನ್ನು ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ತಿಳಿಸುವುದು ಈ ಬರಹದ ಉದ್ದೇಶ.

ದಾರಿ ಹಿಡಿಯುವವರು ತೀರಾ ಕಡಿಮೆ. ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಷ್ಟೇ ಯಾವುದಾದರೂ ಬಗೆಯ ಚಿಕಿತ್ಸೆ ಪಡೆದವರು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಇದು ಇಡೀ ದೇಶದ ಲೆಕ್ಕ. ಮಾಜಿ ಸೈನಿಕರಿಗೆ ಬೇರೆಯವರಿಗಿಲ್ಲದ ಆರೋಗ್ಯ ಸೌಲಭ್ಯವೊಂದು ಇದ್ದರೂ ಅದು ಮಂಡಿನೋವಿಗೆ, ಸಕ್ಕರೆ ಕಾಯಿಲೆಗೆ ಮಾತ್ರ ಎಂಬ ಭಾವನೆ ಅನೇಕರಲ್ಲಿ ಉಳಿದುಬಿಟ್ಟಿದೆ.

ಎಷ್ಟರ ಮಟ್ಟಿಗಿದೆ ಎಂದು ಅರಿಯುವುದು

ದಿನಕ್ಕೆ ಎರಡು ಪೆಗ್ ಮಾತ್ರ ಎಂಬ ಲೆಕ್ಕವನ್ನು ಪಕ್ಕಕ್ಕಿಟ್ಟು ಬೇರೆ ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಬೆಳಿಗ್ಗೆ ಎದ್ದಾಗ ಕೈ ನಡುಗಿ, ಒಂದು ಗುಟುಕು ಕುಡಿದ ಮೇಲೆ ನಡುಕ ನಿಲ್ಲುತ್ತದೆಯೇ? ಮೊದಲಿನಷ್ಟೇ ಕುಡಿದರೆ ಈಗ ಏನೂ ಅನ್ನಿಸದೆ ಪ್ರಮಾಣ ಏರುತ್ತಿದೆಯೇ? ಬಿಡಬೇಕೆಂದು ಹೊರಟು ಎರಡನೇ ದಿನಕ್ಕೆ ಮತ್ತೆ ಶುರುವಾಗಿದೆಯೇ? ಬೆಳಗಿನ ನಡುಕ ಇದ್ದರೆ ಉಳಿದ ಪ್ರಶ್ನೆಗಳಿಗಾಗಿ ಕಾಯುವ ಅಗತ್ಯವಿಲ್ಲ, ಅದು ದೇಹ ಮದ್ಯವನ್ನು ಅವಲಂಬಿಸಿದೆ ಎಂಬುದಕ್ಕೆ ಬಲವಾದ ಸೂಚನೆ. ವೈದ್ಯರು ಸಾಮಾನ್ಯವಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. 40 ಅಂಕಗಳ ಪೈಕಿ 8 ಅಥವಾ ಹೆಚ್ಚು ಬಂದರೆ ಕುಡಿತ ಹಾನಿಯ ಹಾದಿಯಲ್ಲಿದೆ ಎಂದೂ 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇರಬಹುದೆಂದೂ ತಿಳಿದು ಮುಂದಿನ ತಪಾಸಣೆ ಮಾಡುತ್ತಾರೆ.

ಮದ್ಯದ ಜೊತೆಗೆ ಮಾತ್ರೆಗಳ ವಿಷಯವನ್ನೂ ಬಿಚ್ಚಿ ಹೇಳಬೇಕು. ಹಳೆಯ ಗಾಯ, ಬೆನ್ನುನೋವು, ಮಂಡಿನೋವಿಗೆಂದು ಆರಂಭಿಸಿದ ಟ್ರಮಡಾಲ್‌ನಂಥ ನೋವುನಿವಾರಕ, ನಿದ್ದೆಗೆಂದು ಆರಂಭಿಸಿದ ಆಲ್ಪ್ರಜೋಲಮ್ ಎರಡೂ ಚಟವಾಗಬಲ್ಲವು. ಟ್ರಮಡಾಲ್ ಅನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದದ್ದು ಇದೇ ಕಾರಣಕ್ಕೆ. ಈ ಮಾತ್ರೆಗಳನ್ನೂ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು, ವಿಶೇಷವಾಗಿ ನಿದ್ದೆಯ ಮಾತ್ರೆಯನ್ನು ನಿಲ್ಲಿಸಿದಾಗ ಫಿಟ್ಸ್ ಬರುವ ಸಾಧ್ಯತೆ ಇದೆ.

ಮೊದಲ ನಾಲ್ಕು ದಿನ

ದಿನವೂ ಹೆಚ್ಚು ಕುಡಿಯುತ್ತಿದ್ದವರು ನಿಲ್ಲಿಸಿದಾಗ ಕೊನೆಯ ಗುಟುಕಿನ ನಂತರದ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ಎದೆಬಡಿತ, ನಿದ್ದೆಗೇಡು ಕಾಣಿಸಿಕೊಳ್ಳುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ 48 ಗಂಟೆಗಳ ಒಳಗೆ. ಎರಡನೇ ದಿನ ಮುಗಿಯುವ ಹೊತ್ತಿಗೆ ಎಲ್ಲ ತಣ್ಣಗಾಯಿತು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಅತ್ಯಂತ ಅಪಾಯಕಾರಿ ಸ್ಥಿತಿ ಶುರುವಾಗುವುದು ಬಹುತೇಕ ಅಲ್ಲಿಂದಾಚೆಗೆ, 48ರಿಂದ 96 ಗಂಟೆಗಳ ನಡುವೆ. ಎಲ್ಲಿದ್ದೇನೆಂಬ ಅರಿವು ತಪ್ಪುತ್ತದೆ, ಜ್ವರ ಮತ್ತು ರಕ್ತದೊತ್ತಡ ಏರುತ್ತವೆ, ಗೋಡೆಯ ಮೇಲೆ ಹುಳು ಹರಿದಂತೆ, ಯಾರೋ ಬಾಗಿಲಾಚೆ ನಿಂತಂತೆ ಕಾಣುತ್ತದೆ. ಮಾಜಿ ಸೈನಿಕರಲ್ಲಿ ಈ ಭ್ರಮೆಗಳು ಹಳೆಯ ಕಾರ್ಯಾಚರಣೆಯ ರೂಪ ತಾಳಿ, ಪಹರೆ ಎಂದೋ ಶತ್ರು ಎಂದೋ ಕೂಗುವುದುಂಟು. ಆಗ ಮನೆಯವರು ಅದನ್ನು ನೆನಪಿನ ಕಾಟ ಎಂದೋ ಗಾಳಿ ಸೋಕಿದ್ದು ಎಂದೋ ಭಾವಿಸಿ ಬೆಳಗಿನವರೆಗೆ ಕಾದರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಇದು ತುರ್ತು ಚಿಕಿತ್ಸೆಯ ವಿಷಯ, 108ಕ್ಕೆ ಕರೆ ಮಾಡಬೇಕಾದ ಹೊತ್ತು.

ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು ಕೆಲವು ದಿನಗಳಲ್ಲಿ ಪ್ರಮಾಣ ಇಳಿಸುತ್ತ ಬರುತ್ತಾರೆ. ಯಕೃತ್ತು ಹದಗೆಟ್ಟಿದ್ದರೆ ಲೊರಾಜೆಪಾಮ್ ಆರಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವ, ಇಂಜೆಕ್ಷನ್ ರೂಪದಲ್ಲಿ ಕೊಡುತ್ತಾರೆ. ಇದನ್ನು ಬರಿಯ ಶಕ್ತಿವರ್ಧಕ ಎಂದುಕೊಳ್ಳಬಾರದು: ದೀರ್ಘ ಕಾಲದ ಕುಡಿತದಿಂದ ಥಯಮಿನ್ ಬರಿದಾದಾಗ ವರ್ನಿಕೆ ಎಂಬ ಮೆದುಳಿನ ಕಾಯಿಲೆ ಬಂದು, ಸಮಯಕ್ಕೆ ಚಿಕಿತ್ಸೆ ಸಿಗದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ನಾಶವಾಗಬಹುದು. ಊರಿನ ಕ್ಲಿನಿಕ್ಕಿನಲ್ಲಿ ಬರೇ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರುವುದು ಇಂಥವರಿಗೆ ಚಿಕಿತ್ಸೆಯಲ್ಲ. ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಕೊಟ್ಟರೆ ಆ ಕಾಯಿಲೆ ಉಲ್ಬಣಿಸುವ ಅಪಾಯವೂ ಇದೆ.

ಎಲ್ಲರೂ ದಾಖಲಾಗಲೇಬೇಕೆಂದಿಲ್ಲ. ಹಿಂದೆ ಫಿಟ್ಸ್ ಅಥವಾ ಡೆಲಿರಿಯಮ್ ಬಂದಿರದ, ಬೇರೆ ದೊಡ್ಡ ಕಾಯಿಲೆಯಿಲ್ಲದ, ಮನೆಯಲ್ಲಿ ಜವಾಬ್ದಾರಿಯುತ ವ್ಯಕ್ತಿ ಜೊತೆಗಿರುವ ಅನೇಕರಿಗೆ ವೈದ್ಯರು ಹೊರರೋಗಿ ವಿಭಾಗದಲ್ಲಿಯೇ ಮಾತ್ರೆ ಬರೆದು, ಆಗಾಗ ನೋಡಿ ಈ ಹಂತ ದಾಟಿಸುತ್ತಾರೆ. ಆ ನಿರ್ಧಾರ ವೈದ್ಯರದಾಗಿರಬೇಕು ಎಂಬುದಷ್ಟೇ ಮುಖ್ಯ. ಅವರ ಬಳಿ ಹೋಗುವವರೆಗೆ, ನಾಳೆ ಆಸ್ಪತ್ರೆ ಎಂದು ಇವತ್ತೇ ಬಾಟಲಿ ಕಸಿದು ಬಚ್ಚಿಡುವುದು ಬೇಡ.

ಯಾವ ಬಾಗಿಲು ತಟ್ಟಬೇಕು

ನಿವೃತ್ತಿ ವೇತನ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಕೊಡುಗೆಸಹಿತ ಆರೋಗ್ಯ ಯೋಜನೆ, ಎಲ್ಲರ ಬಾಯಲ್ಲಿ ಇಸಿಎಚ್‌ಎಸ್, ಮೊದಲ ಬಾಗಿಲು. ಕಾರ್ಡ್ ಹಿಡಿದು ಹತ್ತಿರದ ಪಾಲಿಕ್ಲಿನಿಕ್‌ಗೆ ಹೋಗಿ ವೈದ್ಯಾಧಿಕಾರಿಗೆ ಇರುವ ವಿಷಯವನ್ನು ಹೇಳಿ, ಮನೋವೈದ್ಯಕೀಯ ವಿಭಾಗಕ್ಕೆ ರೆಫರಲ್ ಕೇಳಬೇಕು. ಇಲ್ಲಿ ಅನೇಕರು ನಾಚಿಕೆಯಿಂದ ಗ್ಯಾಸ್ಟ್ರಿಕ್, ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿ ಬೇರೆ ವಿಭಾಗದ ಚೀಟಿ ಹಿಡಿದು ಮರಳುತ್ತಾರೆ. ಕೌಂಟರ್‌ನಲ್ಲಿ ಹಳೆಯ ಯೂನಿಟ್‌ನವರು ಸಾಲಿನಲ್ಲಿ ನಿಂತಿರುವಾಗ ಬಾಯಿ ಬಿಡುವುದು ಕಷ್ಟವೇ. ಆದರೆ ಅದನ್ನು ವೈದ್ಯರ ಕೋಣೆಯೊಳಗೆ ಹೇಳಿದರೆ ಸಾಕು, ಕೌಂಟರ್‌ನಲ್ಲಿ ಹೇಳಬೇಕಾಗಿಲ್ಲ.

ರೆಫರಲ್ ಸೇನಾ ಆಸ್ಪತ್ರೆಗೂ ಆಗಬಹುದು, ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೂ ಆಗಬಹುದು. ಖಾಸಗಿ ಆಸ್ಪತ್ರೆಗಳಿಗೆ ಮಾನ್ಯತೆ ಸಿಗುವುದು ವಿಭಾಗವಾರು. ಹೃದ್ರೋಗಕ್ಕೆ ಪಟ್ಟಿಯಲ್ಲಿರುವ ಆಸ್ಪತ್ರೆ ಮನೋವೈದ್ಯಕೀಯಕ್ಕೂ ಇರಬೇಕೆಂದಿಲ್ಲ, ಹಾಗಾಗಿ ಚೀಟಿ ಬರೆಸುವ ಮೊದಲೇ ಪಾಲಿಕ್ಲಿನಿಕ್‌ನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಇನ್ನೊಂದು ಪ್ರಶ್ನೆಯೂ ಅಷ್ಟೇ ಮುಖ್ಯ. ಮೊದಲ ಹಂತದ ಆಸ್ಪತ್ರೆ ವಾಸ ಬೇರೆ, ತಿಂಗಳುಗಟ್ಟಲೆ ಪುನರ್ವಸತಿ ಕೇಂದ್ರದಲ್ಲಿರುವುದು ಬೇರೆ. ಎರಡನೆಯದಕ್ಕೆ ಮಂಜೂರಾತಿ ಇದೆಯೇ, ಎಷ್ಟು ದಿನಕ್ಕೆ ಎಂಬುದನ್ನು ದಾಖಲಾಗುವ ಮುನ್ನ ಲಿಖಿತವಾಗಿ ಪಡೆಯದಿದ್ದರೆ ಬಿಲ್ ಕೈಗೆ ಬಂದಾಗ ವಾದ ಮಾಡಿ ಪ್ರಯೋಜನವಿಲ್ಲ. ಫಿಟ್ಸ್‌ನಂಥ ತುರ್ತಿನಲ್ಲಿ ರೆಫರಲ್‌ಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಒಯ್ದು, 48 ಗಂಟೆಗಳೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಕಾರ್ಡ್, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪ್ರತಿ, ಹಳೆಯ ವೈದ್ಯಕೀಯ ಕಾಗದಗಳು ಒಂದೇ ಫೈಲಿನಲ್ಲಿದ್ದರೆ ಆ ಗಡಿಬಿಡಿಯಲ್ಲಿ ಅನುಕೂಲ.

ಚಿಕಿತ್ಸೆ ಪಡೆದ ಕಾರಣಕ್ಕೆ ಪಿಂಚಣಿ ನಿಂತೀತು ಎಂಬ ಭಯ ಕೆಲವರಲ್ಲಿದೆ. ಹಾಗೇನೂ ಆಗುವುದಿಲ್ಲ.

ಪಿಂಚಣಿಯಿಲ್ಲದೆ ಸೇವೆ ಬಿಟ್ಟವರು, ಕಾರ್ಡ್ ಮಾಡಿಸಿಕೊಳ್ಳದವರು ತಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಸಾರ್ವಜನಿಕ ಸೇವೆಗಳಂತೂ ಎಲ್ಲರಿಗೂ ತೆರೆದೇ ಇವೆ: ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳು, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನೆರವಿನಿಂದ ನಡೆಯುವ ಪುನರ್ವಸತಿ ಕೇಂದ್ರಗಳು. ಎಲ್ಲಿಗೆ ಹೋಗುವುದೆಂದೇ ತೋಚದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ. 2022ರಿಂದ ನಡೆಯುತ್ತಿರುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಹಗಲೂ ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು, ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ, ಕರೆಗೆ ಹಣವೂ ಇಲ್ಲ.

ಒಪ್ಪಿಗೆ, ಹಕ್ಕು ಮತ್ತು ಕೇಂದ್ರದ ಆಯ್ಕೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುವಿನ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೆ ಸೇರಿಸಿದೆ. ಹಾಗಾಗಿ ವ್ಯಸನಮುಕ್ತಿಗೆ ದಾಖಲಾದವರ ವಿವರ ಗೋಪ್ಯವಾಗಿರಬೇಕು, ಅವರನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಕೇಂದ್ರ ನೋಂದಣಿಯಾಗಿರಬೇಕು. ತಾವಾಗಿ ದಾಖಲಾದವರು ತಾವಾಗಿ ಬಿಡುಗಡೆ ಕೇಳಬಹುದು. ತಮ್ಮ ಸ್ಥಿತಿಯನ್ನು ಅರಿತು ನಿರ್ಧರಿಸುವ ಶಕ್ತಿ ಇಲ್ಲದಷ್ಟು ತೀವ್ರ ಅಸ್ವಸ್ಥರಾಗಿ, ತಮಗೋ ಇತರರಿಗೋ ಅಪಾಯವಾಗುವಂತಿದ್ದಾಗ ಮಾತ್ರ, ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲಲು ಹೆಸರಿಸಲಾದವರ) ಅರ್ಜಿಯ ಮೇಲೆ, ವೈದ್ಯರ ಪ್ರತ್ಯೇಕ ಪರೀಕ್ಷೆಗಳ ನಂತರ ಮೊದಲ ಬಾರಿಗೆ 30 ದಿನಗಳವರೆಗೆ ದಾಖಲಿಸಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ರಾತ್ರಿ ನಾಲ್ಕು ಜನ ಬಂದು ಜೀಪಿನಲ್ಲಿ ಹಾಕಿಕೊಂಡು ಹೋಗುತ್ತೇವೆ, ಮೂರು ತಿಂಗಳು ಫೋನ್ ಕೊಡುವುದಿಲ್ಲ ಎನ್ನುವ ಕೇಂದ್ರ ಈ ಕಾನೂನಿನ ಹೊರಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ನೋಂದಣಿ ಪತ್ರ, ಮನೋವೈದ್ಯರು ವಾರಕ್ಕೆಷ್ಟು ಸಲ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ ಎಂದು ಕೇಳಿದರೆ ಕೇಂದ್ರದ ಗುಣಮಟ್ಟದ ಅಂದಾಜು ಸಿಗುತ್ತದೆ.

ಗೊತ್ತಾಗದಂತೆ ಕಾಫಿಯಲ್ಲೋ ಸಾರಿನಲ್ಲೋ ಬೆರೆಸಿ ಕೊಟ್ಟರೆ ಕುಡಿತ ಬಿಡಿಸುವ ಪುಡಿ ಎಂಬ ಜಾಹೀರಾತಿಗೆ ಮರುಳಾಗಬಾರದು. ಅಂಥ ಪುಡಿಯಲ್ಲಿ ಏನಿದೆ ಎಂದು ಯಾರೂ ಹೇಳುವುದಿಲ್ಲ. ಮದ್ಯ ಕುಡಿದರೆ ಮೈಗೆ ಒಗ್ಗದಂತೆ ಮಾಡಲು ವೈದ್ಯರು ಬಳಸುವ ಡೈಸಲ್ಫಿರಾಮ್ ಮಾತ್ರೆಯನ್ನು ಹೀಗೆ ಕದ್ದು ಬೆರೆಸಿದರೆ, ಅದು ಗೊತ್ತಿಲ್ಲದೆ ಕುಡಿದವರಿಗೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು, ಹೃದಯಕ್ಕೆ ಅಪಾಯ ಬರಬಹುದು. ತಿಳಿದು, ಒಪ್ಪಿ, ಮನೆಯವರ ಎದುರಿನಲ್ಲಿ ನುಂಗುವವರಿಗೆ ಅದೇ ಮಾತ್ರೆ ಉಪಯುಕ್ತ.

ಆಸ್ಪತ್ರೆಯಿಂದ ಬಂದ ಮೇಲೆ

ನಡುಕ ನಿಂತು ಹೊಟ್ಟೆತುಂಬ ಉಣ್ಣುವಂತಾದಾಗ ಕಾಯಿಲೆ ಮುಗಿಯಿತೆಂದು ಮಾತ್ರೆ ಬಿಡುವವರೇ ಹೆಚ್ಚು, ವಾಸ್ತವದಲ್ಲಿ ವ್ಯಸನದ ಚಿಕಿತ್ಸೆ ಶುರುವಾಗುವುದೇ ಆಗ. ಕುಡಿಯುವ ತುಡಿತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್‌ಗಳನ್ನು ತಿಂಗಳುಗಳ ಕಾಲ ತೆಗೆದುಕೊಳ್ಳಬೇಕಾಗುತ್ತದೆ. ನಾಲ್ಟ್ರೆಕ್ಸೋನ್ ಕೊಡುವ ಮುನ್ನ ಟ್ರಮಡಾಲ್‌ನಂಥ ನೋವಿನ ಮಾತ್ರೆಯ ವಿಷಯ ವೈದ್ಯರಿಗೆ ತಿಳಿದಿರಲೇಬೇಕು, ಎರಡೂ ಸೇರಿದರೆ ತೀವ್ರ ತೊಂದರೆಯಾಗುತ್ತದೆ.

ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಗುಂಪಿನಿಂದ ದೂರವಿರುವುದು, ಸತ್ತ ಸಂಗಾತಿಯ ನೆನಪಿನಲ್ಲಿ ತಪ್ಪಿತಸ್ಥ ಭಾವನೆ ಇವುಗಳಿದ್ದರೆ ಆಘಾತೋತ್ತರ ಒತ್ತಡದ ಕಾಯಿಲೆಯ ತಪಾಸಣೆ ಕೇಳಿ ಮಾಡಿಸಿಕೊಳ್ಳಬೇಕು. ಎಷ್ಟೋ ಜನ ಮದ್ಯವನ್ನು ನಿದ್ದೆಯ ಔಷಧಿಯಾಗಿ ಆರಂಭಿಸಿದವರು; ಮದ್ಯ ಬಿಟ್ಟ ಕೂಡಲೇ ಕನಸುಗಳು ಇನ್ನಷ್ಟು ಜೋರಾಗಿ ಮರಳಿದರೆ ಮತ್ತೆ ಬಾಟಲಿಯೇ ಗತಿಯಾಗುತ್ತದೆ. ಮೊದಲು ಕುಡಿತ ಪೂರ್ತಿ ಬಿಡಿ, ಆಮೇಲೆ ಮನಸ್ಸಿನ ಗಾಯ ನೋಡೋಣ ಎಂಬ ಹಳೆಯ ಪದ್ಧತಿಯನ್ನು ಇಂದಿನ ತಜ್ಞರು ಒಪ್ಪುವುದಿಲ್ಲ, ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನಡೆಯಬಹುದು.

ಮನೆಯ ಮಟ್ಟದಲ್ಲಿ ಎರಡು ವ್ಯವಸ್ಥೆ ಬೇಕು. ಕ್ಯಾಂಟೀನ್‌ನ ತಿಂಗಳ ಮದ್ಯದ ಕೋಟಾವನ್ನು ತರುವುದನ್ನೇ ನಿಲ್ಲಿಸಿ, ಸೇನಾ ಕ್ಯಾಂಟೀನ್ ಕಾರ್ಡನ್ನು ಅವರ ಒಪ್ಪಿಗೆಯಿಂದ ಬೇರೆಯವರ ಕೈಗೆ ಕೊಡಬೇಕು. ಕೋಟಾ ವ್ಯರ್ಥವಾಗುತ್ತದೆ, ನೆಂಟರಿಗಾದರೂ ಆಗಲಿ ಎಂಬ ಯೋಚನೆ ಬಾಟಲಿಯನ್ನು ಮತ್ತೆ ಮನೆಯೊಳಕ್ಕೆ ತರುತ್ತದೆ. ಪರವಾನಗಿ ಬಂದೂಕು ಇದ್ದರೆ, ಖಿನ್ನತೆ ಅಥವಾ ಸಾಯುವ ಮಾತು ಕೇಳಿಬಂದಾಗ, ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಮಾರಾಟಗಾರರಲ್ಲೋ ಠೇವಣಿ ಇಡಬೇಕು. ಸೆಕ್ಯುರಿಟಿ ಕೆಲಸದಲ್ಲಿರುವವರಿಗೆ ಬಂದೂಕು ಅನ್ನದ ಪ್ರಶ್ನೆ. ಅವರು ಕೆಲವು ತಿಂಗಳು ನಿರಾಯುಧ ಪಾಳಿ, ಸಾಧ್ಯವಾದರೆ ಹಗಲು ಪಾಳಿ ಕೇಳುವುದು ಲೇಸು.

ಕುಡಿತ ಬಿಟ್ಟವರೂ ಬಿಡಬಯಸುವವರೂ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಉಚಿತ; ಕುಟುಂಬದವರಿಗೆ ಆಲ್-ಅನಾನ್ ಇದೆ. ಕುಡಿತ ಬಿಟ್ಟ ಇನ್ನೊಬ್ಬ ಮಾಜಿ ಸೈನಿಕ ಜೊತೆಗೆ ಸಿಕ್ಕರೆ, ಸುಬೇದಾರ್, ಹವಾಲ್ದಾರ್ ಎಂಬ ಅಂತರ ಕೂಡ ಅಲ್ಲಿ ಬೇಗ ಕರಗುತ್ತದೆ.

ಮತ್ತೆ ಕುಡಿದರೆ ಅದೇ ದಿನ, ತಪ್ಪಿದರೆ ಮರುದಿನ, ಚಿಕಿತ್ಸೆ ಕೊಟ್ಟ ವೈದ್ಯರಿಗೆ ತಿಳಿಸಬೇಕು. ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು, ಮಾತ್ರೆ ಯಾವಾಗ ನಿಂತಿತು, ಕೊನೆಯ ಬಾರಿ ಕುಡಿದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಫೈಲಿಗೆ ಸೇರಿಸಿ ಒಯ್ದರೆ, ಈ ಬಾರಿ ದಾಖಲಾತಿ ಬೇಕೇ, ಮಾತ್ರೆ ಬದಲಿಸಿದರೆ ಸಾಕೇ ಎಂದು ಅವರು ಅಲ್ಲಿಯೇ ನಿರ್ಧರಿಸಬಲ್ಲರು.